ಮನೆಯಲ್ಲಿ ಒಬ್ಬರು

“ನೀವು ಬಾಯಿ ಬಿಡೋ ಹಾಗಿಲ್ಲ, ನೆನಪಿರಲಿ,” ಎಂದು ಲೆಕ್ಕದ ಮೇಷ್ಟ್ರು ಗಡ್ಡದೊಳಗೇ ನಕ್ಕರು. “ನಾವು ಅಂಗಡಿಯಿಂದ ಆಟದ ಡಬ್ಬ ತಂದು ಬಿಚ್ಚಿದ್ದೀವಿ ಅಂದ್ಕೊಳ್ಳಿ. ಡಬ್ಬದ ಜೊತೆ ಆಟ ಮಾಡಿದವರೂ ಬರಲ್ಲವಲ್ಲ!”

ಅಕ್ಕನ ಜೊತೆ ಬಂದಿದ್ದ ತಂಗಿ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿ, ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆಳೆದುಕೊಂಡು ಕೂತಳು. ಗ್ರಂಥಾಲಯದ ಮಹಡಿಯ ಆ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಆಡುವ ಆಟಗಳನ್ನು ಕಟ್ಟುವವರು ಸೇರುತ್ತಿದ್ದರು. ಒಬ್ಬರು ಮಾಡಿದ್ದನ್ನು ಉಳಿದವರು ಆಡಿ ನೋಡಿ, ಎಲ್ಲಿ ತೊಡಕು, ಎಲ್ಲಿ ಬೇಸರ ಎಂದು ಮುಲಾಜಿಲ್ಲದೆ ಹೇಳುವುದು ರೂಢಿ. ಈ ಸಲ ಅವಳ ಸರದಿ. ಮುಂದಿನ ತಿಂಗಳ ಪ್ರದರ್ಶನಕ್ಕೆ ಯಾವ ಆಟ ಹೋಗಬೇಕೆಂದು ಆರಿಸುವವರು ಮೇಷ್ಟ್ರೇ. ಬರಬೇಕಿದ್ದವರೊಬ್ಬರು ಬೆಳಿಗ್ಗೆ ಕೈಕೊಟ್ಟಿದ್ದರಿಂದ ಅವಳು ಅಕ್ಕನಿಗೆ ದುಂಬಾಲುಬಿದ್ದು ಕರೆತಂದಿದ್ದಳು. ಪಕ್ಕದ ಮನೆಯಾಕೆ ಅಮ್ಮನ ಹತ್ತಿರ ಕೂರಲು ಒಪ್ಪಿದ ಮೇಲೆಯೇ ಅಕ್ಕ ಚಪ್ಪಲಿ ಮೆಟ್ಟಿದ್ದು.

ಆಟದ ಹೆಸರು ‘ಮನೆಯಲ್ಲಿ ಒಬ್ಬರು’. ಆಡುವವರೆಲ್ಲ ಒಂದೇ ತಾಯಿಯ ಮಕ್ಕಳು. ತಾಯಿಗೆ ಮರೆವಿನ ಕಾಯಿಲೆ, ಒಂಟಿಯಾಗಿ ಬಿಡುವಂತಿಲ್ಲ. ಪ್ರತಿ ಸುತ್ತಿನಲ್ಲೂ ಯಾರಾದರೊಬ್ಬರು ಮನೆಯಲ್ಲಿರಬೇಕು. ಉಳಿದವರು ಹೊರಗೆ ಹೋಗಿ ಕೆಲಸ ಹಿಡಿದು, ಊರು ಸುತ್ತಿ, ಮದುವೆಯಾಗಿ ಅಂಕ ಗಳಿಸಬಹುದು. ಮನೆಯಲ್ಲಿದ್ದವರಿಗೆ ಅಂಕವಿಲ್ಲ, ಕಟ್ಟಿನಿಂದ ಒಂದು ಕಾರ್ಡು ಮಾತ್ರ. ಯಾರು ಉಳಿಯಬೇಕೆಂಬ ಜಗಳವೇ ಆಟದ ಜೀವ. ಹಲಗೆಯನ್ನು ಅವಳೇ ಬಣ್ಣ ಹಾಕಿ ಬರೆದಿದ್ದಳು. ಕಾರ್ಡುಗಳನ್ನು ಮನೆಯಲ್ಲೇ ಕತ್ತರಿಸಿದ್ದರಿಂದ ಮೂಲೆಗಳು ಸೊಟ್ಟಗಿದ್ದವು. ಕಾಯಿಗಳ ಬದಲು ಹಳೇ ಕೋಟಿನ ಗುಂಡಿಗಳು.

ಮೊದಲ ಸುತ್ತಿನಲ್ಲೇ ಮೇಷ್ಟ್ರಿಗೂ ಹಲ್ಲಿನ ಡಾಕ್ಟರಮ್ಮನಿಗೂ ಹತ್ತಿಕೊಂಡಿತು.

“ನಾನು ದೊಡ್ಡ ಮಗ. ನಂಗೆ ಕೆಲಸ ಇದೆ.”

“ನಂಗೇನು ಮಾಡೋಕೆ ಕೆಲಸ ಇಲ್ವಾ? ಎಲ್ಲಾ ಮನೇಲೂ ಇದೇ ಮಾತು!”

ತಂಗಿಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಅಕ್ಕ, “ಯಾಕೆ ಸುಮ್ನೆ ಜಗಳ? ನಾನೇ ಇರ್ತೀನಿ ಬಿಡಿ,” ಎಂದು ತನ್ನ ಗುಂಡಿಯನ್ನು ಮನೆಯ ಚೌಕದಲ್ಲಿಟ್ಟಳು. ಮುಂದಿನ ಸುತ್ತಿನಲ್ಲೂ ಹಾಗೇ ಮಾಡಿದಳು. ಅದರ ಮುಂದಿನದರಲ್ಲೂ.

“ಅಯ್ಯೋ, ಹೀಗೆ ಬಿಟ್ಟುಕೊಡ್ತಾ ಹೋದ್ರೆ ನೀವು ಸೋತೇ ಹೋಗ್ತೀರಾ,” ಎಂದರು ಡಾಕ್ಟರಮ್ಮ.

“ರೂಲ್ಸಲ್ಲಿ ಇರಬಾರದು ಅಂತ ಎಲ್ಲೂ ಇಲ್ವಲ್ಲ?” ಎಂದಳು ಅಕ್ಕ, ನಿಜವಾದ ಅನುಮಾನದಿಂದ.

ತಂಗಿಗೆ ಕಿರಿಕಿರಿಯಾಯಿತು. ಒಬ್ಬರು ತಾವಾಗಿಯೇ ಉಳಿದರೆ ಮಿಕ್ಕವರಿಗೆ ಆಟವೇ ಇಲ್ಲ. ಒಬ್ಬರೇ ಮೇಲಿಂದ ಮೇಲೆ ಮನೆಯಲ್ಲಿ ಉಳಿಯುವಂತಿಲ್ಲ ಎಂದೊಂದು ನಿಯಮ ಸೇರಿಸಬೇಕು ಎಂದುಕೊಂಡಳು.

ಅಕ್ಕ ಮತ್ತೊಂದು ಕಾರ್ಡೆತ್ತಿದಳು. ಎತ್ತಿದವಳು ಅದನ್ನೇ ನೋಡುತ್ತ ಕೂತಳು. ಅವಳ ಹೆಬ್ಬೆರಳು ಕಾರ್ಡಿನ ಸೊಟ್ಟ ಮೂಲೆಯನ್ನು ಒಂದೇ ಸಮನೆ ಸವರುತ್ತಿದ್ದುದನ್ನು ಕಂಡದ್ದೇ ತಂಗಿಗೆ ಅದು ಯಾವ ಕಾರ್ಡೆಂದು ಗೊತ್ತಾಗಿಹೋಯಿತು.

“ಜೋರಾಗಿ ಓದಬೇಕು,” ಎಂದರು ಮೇಷ್ಟ್ರು.

“ಕನ್ನಡಕ ತಂದಿಲ್ಲ. ನೀವೇ ಓದಿ,” ಎಂದು ಅಕ್ಕ ಕಾರ್ಡನ್ನು ಡಾಕ್ಟರಮ್ಮನ ಕಡೆ ಸರಿಸಿದಳು. ಅಲ್ಲಿಯವರೆಗಿನ ಕಾರ್ಡುಗಳನ್ನೆಲ್ಲ ಅವಳೇ ಓದಿದ್ದಳು.

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. “‘ಅಮ್ಮನನ್ನು ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕು. ಸಿಕ್ಕಿದ ಬಸ್ಸು ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿ. ಅಲ್ಲಿನ ಬೆಂಚಿನ ಮೇಲೆ ಕೂರು. ಸಂಜೆ ವಾಪಸ್ ಬಂದಾಗ ಅಮ್ಮ ಬಾಗಿಲು ಬಡಿದೂ ಬಡಿದೂ ಕೈ ಊದಿಸಿಕೊಂಡಿದ್ದಾಳೆ. ಎರಡು ಅಂಕ ಕಳೆದುಕೊ.’ ಯಪ್ಪಾ! ಮೈ ಜುಂ ಅಂತು.”

“ಕಾರ್ಡು ಅಂದ್ರೆ ಇದು!” ಮೇಷ್ಟ್ರು ಮೇಜು ಕುಟ್ಟಿದರು. “ಇದೊಂದಕ್ಕೇ ಈ ಆಟ ಪ್ರದರ್ಶನಕ್ಕೆ ಹೋಗ್ಬೇಕು.”

“ಆದ್ರೂ ನಿಜವಾಗ್ಲೂ ಹೀಗೆ ಯಾರು ಮಾಡ್ತಾರೆ? ಹೆತ್ತ ತಾಯಿನ! ಕಲ್ಲಾಗಿರಬೇಕು ಮನಸ್ಸು,” ಎಂದರು ಡಾಕ್ಟರಮ್ಮ.

ತಾನು ಹಾಗೆ ಮಾಡಿದ್ದನ್ನು ಅಕ್ಕ ತಂಗಿಗೆ ಹೇಳಿದ್ದು ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ, ಪಕ್ಕದ ಕೋಣೆಗೆ ಕೇಳಿಸದಿರಲೆಂದು ನಲ್ಲಿ ತಿರುಗಿಸಿಟ್ಟು. “ಯಾರ ಹತ್ರಾನೂ ಅನ್ನಬೇಡ ಪುಟ್ಟಿ,” ಎಂದಿದ್ದಳು. ತಂಗಿ ಅವಳ ಬೆನ್ನು ಸವರಿದ್ದಳು. ಅದೇ ವಾರ ಕಾರ್ಡು ಬರೆದಿದ್ದಳು, ಬರೆದು ಮುಗಿಸಿ ಎಷ್ಟು ಚೆನ್ನಾಗಿ ಬಂತೆಂದು ಹಿಗ್ಗಿದ್ದಳು. ಇವತ್ತು ಹೊರಡುವ ಮುಂಚೆ ಅದನ್ನು ತೆಗೆದಿಡಲು ಕೈ ಹಾಕಿದ್ದೂ ನಿಜ. ಮೇಷ್ಟ್ರಿಗೆ ಇದನ್ನು ತೋರಿಸದಿದ್ದರೆ ಹೇಗೆ ಎನಿಸಿತ್ತು. ಅಷ್ಟು ದಪ್ಪ ಕಟ್ಟಿನಲ್ಲಿ ಅಕ್ಕನ ಕೈಗೇ ಬರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡು ಕಲೆಸಿಬಿಟ್ಟಿದ್ದಳು.

“ನಿಯಮ ಮುರಿದು ಒಂದು ಮಾತು ಕೇಳ್ತೀನಿ,” ಎಂದು ಮೇಷ್ಟ್ರು ಅವಳತ್ತ ತಿರುಗಿದರು. “ಎಲ್ಲಿಂದ ಬಂತು ಇದು?”

ಎಲ್ಲರೂ ಅವಳನ್ನೇ ನೋಡಿದರು, ಅಕ್ಕನೊಬ್ಬಳನ್ನು ಬಿಟ್ಟು.

“ಹಾಗೇ... ಹೊಳೀತು,” ಎಂದಳು ತಂಗಿ.

“ಚಿಕ್ಕಂದಿನಿಂದ್ಲೂ ಹಾಗೇ ಅವಳು,” ಎಂದಳು ಅಕ್ಕ. “ಕೂತಲ್ಲೇ ಏನೇನೋ ಹೊಳೆಯುತ್ತೆ ಅವಳಿಗೆ.” ಹೇಳುತ್ತಲೇ ಅಂಕದ ಪಟ್ಟಿಯ ಮೇಲಿದ್ದ ತನ್ನ ಇನ್ನೊಂದು ಗುಂಡಿಯನ್ನು ತಾನೇ ಸೊನ್ನೆಯಿಂದ ಎರಡು ಚೌಕ ಹಿಂದಕ್ಕೆ ಸರಿಸಿದಳು.

ತಂಗಿ ಎದ್ದು ಹೋಗಲಾರಳು, ಕೂತಿರಲಾರಳು. ಆಟ ಮುಗಿಯುವವರೆಗೂ ಮೇಷ್ಟ್ರು ಏನೇನೋ ಹೊಗಳುತ್ತಿದ್ದರು. ಪ್ರತಿ ಮಾತೂ ಕೆನ್ನೆಗೆ ಬಾರಿಸಿದಂತಿತ್ತು. ಅಕ್ಕ ಎಲ್ಲರಿಗಿಂತ ಹಿಂದುಳಿದು ಸೋತಳು. “ಚೆನ್ನಾಗಿತ್ತು,” ಎಂದು ನಕ್ಕು, ಚೆಲ್ಲಾಡಿದ್ದ ಗುಂಡಿಗಳನ್ನೆಲ್ಲ ಬಳಿದು ಡಬ್ಬಕ್ಕೆ ತುಂಬಿಕೊಟ್ಟಳು.

ಬೀದಿಯಲ್ಲಿ ಬಿಸಿಲು ಇಳಿಮುಖವಾಗಿತ್ತು. ಮುಚ್ಚಿದ ಅಂಗಡಿಗಳ ಮುಂದೆ ಇಬ್ಬರೂ ನಡೆದರು. ಡಬ್ಬದೊಳಗೆ ಗುಂಡಿಗಳು ಹೆಜ್ಜೆಹೆಜ್ಜೆಗೂ ಗಲಗಲ ಎನ್ನುತ್ತಿದ್ದವು. ತಂಗಿ ಅದನ್ನು ಕಂಕುಳಲ್ಲಿ ಅವುಚಿಕೊಂಡಳು.

“ಅಕ್ಕಾ, ತಪ್ಪಾಯ್ತು. ಆ ಕಾರ್ಡು ಹರಿದು ಹಾಕ್ತೀನಿ.”

“ಓದಿ ಆಯ್ತಲ್ಲ.”

“ಪ್ರದರ್ಶನಕ್ಕೇ ಕೊಡಲ್ಲ. ಆ ಆಟಾನೇ ಬೇಡ.”

ಅಕ್ಕ ನಿಂತಳು. “ನನಗೋಸ್ಕರ ಅಂತ ಏನೂ ಬಿಡೋಕೆ ಹೋಗ್ಬೇಡ. ಆಮೇಲೆ ಅದನ್ನೂ ನಾನೇ ಹೊರಬೇಕು.”

ಸಿಟ್ಟಿನ ದನಿಯಲ್ಲ. ಸಿಟ್ಟಾದರೂ ಆಗಿದ್ದರೆ ತಂಗಿ ಅಳಬಹುದಿತ್ತು. ಸ್ವಲ್ಪ ದೂರ ಹೋದ ಮೇಲೆ ಅಕ್ಕನೇ ಮಾತೆತ್ತಿದಳು.

“ಅವತ್ತು ಆ ಬೆಂಚಿನ ಮೇಲೆ ಎಷ್ಟು ಹಾಯಾಗಿತ್ತು ಅಂತಾನೂ ಹೇಳಿದ್ದೆ ನಿಂಗೆ. ಗಾಳಿಗೆ ಕೂತಲ್ಲೇ ಕಣ್ಣು ಹತ್ತಿತ್ತು ಅಂತ. ಅದನ್ನ ಬರೀಲಿಲ್ಲ ನೀನು. ಎರಡು ಅಂಕ ಕಿತ್ಕೊಂಡೆ, ಅಷ್ಟೆ.”

ಹೌದು, ಹೇಳಿದ್ದಳು. ನಲ್ಲಿಯ ಸದ್ದಿನ ನಡುವೆ, ಸ್ವಲ್ಪ ನಾಚಿಕೊಂಡು.

ಮನೆಗೆ ಬಂದಾಗ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಿದ್ದರು. “ಏನು ಮಾಡಿದ್ರೂ ಒಂದು ತುತ್ತು ಮುಟ್ಟಲಿಲ್ಲ ಕಣಮ್ಮ,” ಎಂದು ಬಟ್ಟಲನ್ನು ಅಕ್ಕನ ಕೈಗಿಟ್ಟು ಹೊರಟರು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮಡಿಲ ಮೇಲಿನ ಹೊದಿಕೆಯ ನೂಲು ಕೀಳುತ್ತಿದ್ದಳು.

“ನಾನು ತಿನ್ನಿಸ್ತೀನಿ,” ಎಂದಳು ತಂಗಿ. “ನೀನು ಸ್ನಾನ ಮಾಡ್ಕೋ ಹೋಗು.”

“ನಿಂಗೆ ತಿನ್ನಲ್ಲ ಅವಳು.”

“ನೋಡ್ತೀನಿ.”

ಅಕ್ಕ ಒಂದು ಗಳಿಗೆ ಅವಳ ಮುಖವನ್ನೇ ನೋಡಿ ಬಟ್ಟಲು ಕೊಟ್ಟಳು. ಬಚ್ಚಲಿನ ಬಾಗಿಲು ಮುಚ್ಚಿತು.

ಮೊದಲ ಚಮಚಕ್ಕೆ ಅಮ್ಮ ಮುಖ ತಿರುಗಿಸಿದಳು. ಎರಡನೆಯದನ್ನು ತುಟಿ ಬಿಗಿದು ತಡೆದಳು. ತಂಗಿ ಕುರ್ಚಿಯ ಮುಂದೆ ನೆಲದ ಮೇಲೇ ಕೂತು ಕಾದಳು. ಕೊನೆಗೆ ಅಮ್ಮ ಬಾಯಿ ತೆರೆದಳು, ಅಗಿದಳು. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲಿಳಿದು ಕತ್ತಿನ ಸುಕ್ಕುಗಳಿಗೆ ಹರಿಯತೊಡಗಿತು. ಒರೆಸುವ ಬಟ್ಟೆ ಎಲ್ಲಿರುತ್ತದೆಂದು ತಂಗಿಗೆ ತಿಳಿಯದು. ಕುರ್ಚಿಯ ಬೆನ್ನಿನ ಮೇಲಿರಲಿಲ್ಲ. ಪಕ್ಕದ ಕಪಾಟು ತೆರೆದರೆ ಔಷಧಿಯ ಬಾಟಲಿಗಳು. ಅಕ್ಕನನ್ನು ಕೂಗಲೆಂದು ತಲೆಯೆತ್ತಿದಳು. ಬಾಗಿಲ ಹಿಂದೆ ಚೊಂಬಿನಿಂದ ನೀರು ಸುರಿಯುವ ಸದ್ದು ಸಾವಕಾಶವಾಗಿ, ಎಡೆಬಿಡದೆ ಕೇಳುತ್ತಿತ್ತು.

ಅವಳು ಅಂಗಿಯ ತೋಳನ್ನು ಬೆರಳವರೆಗೆ ಎಳೆದುಕೊಂಡು ಅಮ್ಮನ ಗಲ್ಲವನ್ನು ಮೆಲ್ಲಗೆ ಒರೆಸಿದಳು.