ಹನ್ನೆರಡು ಗುರುತುಗಳ ಆಲೂಗಡ್ಡೆ

ಚಿಯಾರ್‌ಪಾತಾ ಎಂಬ ಊರಿನಲ್ಲಿ ಇನ್ನೂ ಬೇಸಾಯ ಇದೆಯೇ ಎಂದು ನೋಡಿಕೊಂಡು ಬರಲು ಫೆಬ್ರುವರಿಯಲ್ಲಿ ನನ್ನನ್ನು ಕಳಿಸಿದರು. ಲಾ ಪಾಸ್‌ನ ನಮ್ಮ ಕಚೇರಿ ಉಪಗ್ರಹದ ಚಿತ್ರಗಳಿಂದ ಪ್ರತಿ ವರ್ಷ ಬೆಳೆ ನಕ್ಷೆ ಮಾಡುತ್ತದೆ. ಹೋದ ವರ್ಷದ ನಕ್ಷೆಯಲ್ಲಿ ಆ ಊರಿನ ಪೂರ್ವದ ಇಳಿಜಾರು ಪೂರ್ತಿ ಆಲೂಗಡ್ಡೆ. ಈ ವರ್ಷ ಅಲ್ಲಿ ಏನೂ ಇರಲಿಲ್ಲ. ಮೇಲಧಿಕಾರಿ ಮಿರ್ತಾ ಮೇಡಂ 'ಬೇಸಾಯ ಬಿಟ್ಟ ಊರು' ಎಂದು ಬರೆದು ಮುಂದೆ ಪ್ರಶ್ನೆಯ ಚಿಹ್ನೆ ಹಾಕಿದ್ದರು. ಆ ಚಿಹ್ನೆ ತೆಗೆಯುವುದು ನನ್ನ ಕೆಲಸ.

ಊರಿಗೆ ಹೋಗಲು ಹೊಳೆ ದಾಟಬೇಕು. ನಮ್ಮಲ್ಲಿ ಅದು ಮಳೆಗಾಲ, ಸೊಂಟದವರೆಗೆ ನೀರು.

"ಪ್ಯಾಂಟ್ ಬಿಚ್ಚಿ ತಲೆ ಮೇಲಿಟ್ಕೊಂಡು ಬಾ ತಮ್ಮಾ, ಯಾರೂ ನೋಡಲ್ಲ," ಎಂದು ಆಚೆ ದಡದಿಂದ ಒಬ್ಬ ಹೆಂಗಸು ಕೂಗಿದರು. ಅವರ ಹಿಂದೆ ಹದಿನೈದು ಜನ ನಿಂತು ನೋಡುತ್ತಿದ್ದರು.

ಅವರು ಬಸಿಲಿಯಾ ಕೋಲ್ಕೆ, ಆ ವರ್ಷದ ಊರ ಮುಖ್ಯಸ್ಥೆ. ನಮ್ಮಲ್ಲಿ ಈ ಹುದ್ದೆ ಸರದಿಯ ಪ್ರಕಾರ ಮನೆಯಿಂದ ಮನೆಗೆ ಹೋಗುತ್ತದೆ. ಬೇಡ ಎನ್ನುವಂತಿಲ್ಲ. ಜನವರಿಯಲ್ಲಿ ಹೊಳೆ ಎರಡು ಲಾಮಾಗಳನ್ನೂ ಒಂದು ಗ್ಯಾಸ್ ಒಲೆಯನ್ನೂ ಒಯ್ದಿತ್ತು. ತನ್ನ ವರ್ಷ ಮುಗಿಯುವುದರೊಳಗೆ ಸೇತುವೆ ತರುತ್ತೇನೆ ಎಂದು ಬಸಿಲಿಯಾ ಸಭೆಯಲ್ಲಿ ಎದ್ದು ನಿಂತು ಹೇಳಿದ್ದರು. ಬೇಸಾಯ ಬಿಟ್ಟ ಊರಿಗೆ ಸೇತುವೆ ಕೊಡಬಾರದೆಂದು ಸರ್ಕಾರದ ನಿಯಮ.

"ಬಿಟ್ಟಿಲ್ಲ ಕಣೋ, ಈ ವರ್ಷ ಅದು ಮಲಗಿದೆ," ಎಂದರು.

ಇದು ನನಗೆ ಗೊತ್ತಿತ್ತು, ನಮ್ಮಮ್ಮನ ಊರಲ್ಲೂ ಹೀಗೇ. ಇಡೀ ಊರು ಒಂದು ವರ್ಷ ಒಂದೇ ಇಳಿಜಾರಿನಲ್ಲಿ ಆಲೂಗಡ್ಡೆ ಹಾಕುತ್ತದೆ. ಆಮೇಲೆ ಆರು ವರ್ಷ ಅಲ್ಲಿ ಯಾರೂ ನೇಗಿಲು ಇಡುವುದಿಲ್ಲ, ಕುರಿ ಮೇಯುತ್ತವೆ. ಈ ವರ್ಷದ ಸರದಿ ಪಶ್ಚಿಮದ ಇಳಿಜಾರಿನದು. ಅಲ್ಲಿ ಗಿಡಗಳು ಮೊಣಕಾಲೆತ್ತರ ನಿಂತಿದ್ದವು. ಆದರೆ ಕಚೇರಿಯ ನಕ್ಷೆಯಲ್ಲಿ ಊರಿನ ಗಡಿ ಗುಡ್ಡದ ನೆತ್ತಿಯ ಮೇಲೇ ಹೋಗುತ್ತದೆ. ಅದರಾಚೆ ಬೆಳೆದದ್ದೆಲ್ಲ ಪಕ್ಕದ ಊರಿನ ಲೆಕ್ಕ.

"ಹಂಗಾದ್ರೆ ಆ ಕಡೆ ಹೋಗಿ ಫೋಟೋ ತೆಗಿ."

"ಆಗಲ್ಲಮ್ಮ. ನಕ್ಷೇಲಿ ಹನ್ನೆರಡು ಗುರುತು ಕೊಟ್ಟಿದ್ದಾರೆ, ಎಲ್ಲಾ ಈ ಕಡೇವು. ಗುರುತಿನ ಮೇಲೇ ನಿಲ್ಲಬೇಕು. ಹದಿನೈದು ಮೀಟರ್ ಆಚೆ ಹೋದ್ರೆ ನನ್ನ ಕೈಲಿರೋ ಈ ಯಂತ್ರ ಕ್ಯಾಮೆರಾನೇ ತೆಗಿಯಲ್ಲ."

"ಗುರುತಿನ ಮೇಲೆ ಗಿಡ ಇದ್ರೆ?"

"ಇದ್ರೆ ಇದೆ ಅಂತ ಬರೀತೀನಿ."

ಬಸಿಲಿಯಾ ಪಶ್ಚಿಮಕ್ಕೆ ಹೋಗಿ ಆರು ಆಲೂಗಡ್ಡೆ ಗಿಡಗಳನ್ನು ಬೇರುಸಹಿತ ಕಿತ್ತು ಹೆಗಲ ಕಂಬಳಿಯಲ್ಲಿ ಕಟ್ಟಿಕೊಂಡು ಬಂದರು. ಮೊದಲ ಗುರುತಿನಲ್ಲಿ ಕುರಿಗಳನ್ನು ಓಡಿಸಿ, ಹುಲ್ಲಿನ ನಡುವೆ ಗುಳಿ ತೋಡಿ ನೆಟ್ಟರು. ನಾನು ಫೋಟೋ ತೆಗೆದೆ. ಕಿತ್ತು ಎರಡನೆಯದಕ್ಕೆ ನಡೆದೆವು. ಎಂಟನೆಯ ಗುರುತಿನ ಹೊತ್ತಿಗೆ ಗಿಡಗಳು ಸೋತು ಮಲಗಿದ್ದವು. ಷರಾದಲ್ಲಿ 'ಗಾಳಿಯಿಂದ ಹಾನಿ' ಎಂದು ಬರೆದೆ.

ನಾನು ಯಾಕೆ ಒಪ್ಪಿದೆ ಎಂದು ಆಮೇಲೆ ಹಲವರು ಕೇಳಿದರು. ಮತ್ತೆ ಆ ಹೊಳೆ ದಾಟಿ ಮರುಪರಿಶೀಲನೆಗೆ ಬರುವುದು ನನಗೆ ಬೇಕಿರಲಿಲ್ಲ. ಜೊತೆಗೆ ಅವರು ಚುನ್ಯೊ, ಅಂದರೆ ಹಿಮದಲ್ಲಿಟ್ಟು ಒಣಗಿಸಿದ ಆಲೂಗಡ್ಡೆ, ಹಾಕಿದ ಕುರಿಮಾಂಸದ ಸಾರು ಕೊಟ್ಟಿದ್ದರು.

ನಕ್ಷೆ ಮಾಡುವ ಯಂತ್ರಕ್ಕೆ ಆಲೂಗಡ್ಡೆ ಎಂದರೆ ಏನೆಂದು ಗೊತ್ತಿಲ್ಲ. ನಾವು ತೋರಿಸಿದ ಜಾಗ ಆಕಾಶದಿಂದ ಯಾವ ಬಣ್ಣ ಕಾಣುತ್ತದೋ ಅದನ್ನು ಕಲಿಯುತ್ತದೆ. ಆ ವರ್ಷ ಆ ಪ್ರಾಂತ್ಯದಿಂದ ಹೋದ ಗುರುತುಗಳು ನನ್ನವು ಮಾತ್ರ, ಕಚೇರಿಯ ಇನ್ನೊಬ್ಬನ ಜೀಪು ಕೆಟ್ಟಿತ್ತು. ಯಂತ್ರ ಹುಲ್ಲುಗಾವಲನ್ನು ಆಲೂಗಡ್ಡೆ ಎಂದು ಕಲಿತು, ಪ್ರಾಂತ್ಯದ ಹುಲ್ಲುಗಾವಲನ್ನೆಲ್ಲ ಆಲೂಗಡ್ಡೆ ಮಾಡಿತು. ಎರಡು ಸ್ಮಶಾನಗಳಲ್ಲೂ ಒಳ್ಳೆಯ ಬೆಳೆ ಇತ್ತು.

ಜೂನ್‌ನಲ್ಲಿ ಸೇತುವೆ ಮಂಜೂರಾಯಿತು. ಜಾಗ ವಿಲಾಕೋಯ್ಯು, ಚಿಯಾರ್‌ಪಾತಾದಿಂದ ಹೊಳೆಗುಂಟ ಮೇಲಕ್ಕೆ ಇಪ್ಪತ್ತು ಕಿಲೋಮೀಟರು. ನಕ್ಷೆಯ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಆಲೂಗಡ್ಡೆ ಅಲ್ಲಿತ್ತು.

ಬಸಿಲಿಯಾ ಸಿಗ್ನಲ್ ಸಿಗುವ ಗುಡ್ಡ ಹತ್ತಿ ಫೋನ್ ಮಾಡಿದರು. "ಅಲ್ಲಿ ಯಾರಿದ್ದಾರೋ?"

"ವಿಕುನ್ಯಾಗಳು," ಎಂದೆ. ಲಾಮಾ ಜಾತಿಯ ಕಾಡುಪ್ರಾಣಿ ಅದು.

"ಅವು ಹೊಳೆ ಹಾರ್ತವೆ. ನಾನು ಹಾರ್ತೀನಾ?"

ನಾನು ಮಿರ್ತಾ ಮೇಡಂ ಹತ್ತಿರ ಹೋಗಿ ಒಪ್ಪಿಕೊಂಡೆ.

"ಹನ್ನೆರಡೂ ಸುಳ್ಳಾ?"

"ಗಿಡ ನಿಜ ಮೇಡಂ. ಜಾಗ ಸುಳ್ಳು."

ಅವರು ನಕ್ಷೆ ಬಿಚ್ಚಿ ಹೊಳೆಯ ಮೇಲ್ಭಾಗದಲ್ಲಿ ಬೆರಳಿಟ್ಟರು. "ವಿಲಾಕೋಯ್ಯುಗೆ ಹೋಗು. ಅಲ್ಲೂ ಹನ್ನೆರಡು ಗುರುತು ಕೊಡ್ತೀನಿ. ಹುಲ್ಲು ಅಂತ ಬರೆದ್ರೆ ಆ ಸೇತುವೆ ರದ್ದು. ಯಂತ್ರ ಹುಲ್ಲನ್ನ ಹುಲ್ಲು ಅಂತ ಕಲಿಯುತ್ತೆ, ನಿನ್ನ ಚಿಯಾರ್‌ಪಾತಾನೂ ಬೇಸಾಯ ಬಿಟ್ಟ ಊರಾಗುತ್ತೆ. ಗಡಿ ತಿದ್ದೋದು ಮುಂದಿನ ವರ್ಷದ ಯೋಜನೇಲಿ. ಇನ್ನೊಂದ್ಸಲ ಗಿಡ ನೆಟ್ರೆ ನೀನೂ ಅಲ್ಲೇ ನೆಟ್ಕೊಂಡು ಬಿಡು."

ಬಸಿಲಿಯಾ ಜೊತೆಗೆ ಬಂದರು. ಜೀಪು ಬೇಡವೆಂದರು. ಆ ಸೇತುವೆ ಊರಿಗೆ ಏನಾದರೂ ಉಪಯೋಗವೇ ಎಂದು ಊರಿಂದ ನಡೆದೇ ನೋಡಬೇಕಂತೆ. ಕೆನ್ನೆಯಲ್ಲಿ ಕೋಕಾ ಎಲೆ ಇಟ್ಟುಕೊಂಡು ಒಂದೇ ಸಮ ನಡೆದರು. ನಾನು ನಾಲ್ಕು ಸಲ ಕೂತೆ. ವಿಲಾಕೋಯ್ಯುವಿನಲ್ಲಿ ನನ್ನ ಗಡಿಯಾರ ನೋಡಿದರು.

"ಆರು ಗಂಟೆ ಹಿಡೀತು. ಇಲ್ಲಿಗೆ ಬರೋಕೆ ಆರು, ದಾಟಿ ಆಚೆ ದಡದಲ್ಲಿ ವಾಪಸ್ ಆರು. ಅಷ್ಟೊತ್ತಿಗೆ ಹೊಳೇನೇ ಇಳಿದಿರುತ್ತೆ. ಹುಲ್ಲು ಅಂತ ಬರಿ."

"ನಿಮ್ಮ ವರ್ಷ ಡಿಸೆಂಬರ್‌ಗೆ ಮುಗಿಯುತ್ತಲ್ಲಮ್ಮ."

"ಬರಿ ಅಂದೆ. ಸಭೆಗೆ ಬಂದು ನೀನೇ ಹೇಳ್ಬೇಕು, ನಾನೊಬ್ಬಳೇ ಬೈಸ್ಕೊಳ್ಳಲ್ಲ."

ಹನ್ನೆರಡು ಸಲ ಹುಲ್ಲು ಎಂದು ಬರೆದೆ.

ಆಗಸ್ಟ್ ಸಭೆಯಲ್ಲಿ ಇಬ್ಬರೂ ನಡುವೆ ನಿಂತೆವು. ಸೇತುವೆ ಇಲ್ಲ ಎಂದು ನಾನು ಹೇಳಿ ಮುಗಿಸುವ ಮೊದಲೇ ಹೊಲ ಕಾಯುವ ಎಮೆತೆರಿಯೊ ತಾತ ಎದ್ದರು.

"ಸೇತುವೆ ಆಮೇಲೆ. ಮಲಗಿದ ನೆಲದಲ್ಲಿ ಆಲೂಗಡ್ಡೆ ನೆಟ್ರಾ?"

"ಫೋಟೋಗೆ ತಾತ," ಎಂದೆ.

"ಬೇರು ಮಣ್ಣೊಳಗಿತ್ತಾ?"

"ಇತ್ತು."

"ಎಷ್ಟು ಕಡೆ?"

"ಹನ್ನೆರಡು."

ಸರದಿಗೆ ಮೊದಲು ಮಲಗಿದ ನೆಲ ಕೆದಕಿದವರಿಗೆ ಒಂದು ಗುಳಿಗೆ ಒಂದು ದಿನದ ಊರ ಕೆಲಸ ದಂಡ. ಮುಖ್ಯಸ್ಥೆಗೂ ವಿನಾಯಿತಿ ಇಲ್ಲ. ಯಾರೂ ಕೂಗಾಡಲಿಲ್ಲ. ನನಗೆ ಆರು, ಬಸಿಲಿಯಾಗೆ ಆರು ಎಂದು ಹಂಚಿದರು. ಹೊಳೆಯಲ್ಲಿ ನೀರು ಕಮ್ಮಿ ಇತ್ತು. ದಾಟಲು ಕಾಲಿಡುವ ಕಲ್ಲು ಹಾಕಿ ಎಂದರು.

ನಾನು ಕಚೇರಿಗೆ ರಜೆ ಬರೆದು ಕೊಟ್ಟೆ. ಆರು ದಿನ ಕಲ್ಲು ಹೊತ್ತೆವು. ಬಸಿಲಿಯಾ ನನ್ನ ಎರಡರಷ್ಟು ಹೊತ್ತರು, ಅದನ್ನು ಬಂದವರಿಗೆಲ್ಲ ಹೇಳಿದರು. ಊರ ಹಿರಿಯರು ದಿನಾ ಸಂಜೆ ಬಂದು ಕಲ್ಲನ್ನು ಕಾಲಲ್ಲಿ ಅಲ್ಲಾಡಿಸಿ ನೋಡುತ್ತಿದ್ದರು. ಆರನೆಯ ದಿನ ಸಾಲು ಹೊಳೆಯ ನಡುವಿನವರೆಗೆ ಬಂತು. ಅಲ್ಲಿಂದಾಚೆ ಆಳ ಜಾಸ್ತಿ, ದೊಡ್ಡ ಕಲ್ಲು ಬೇಕು. ನಮ್ಮ ದಂಡ ಮುಗಿದಿತ್ತು.

ಬಸಿಲಿಯಾ ಕೊನೆಯ ಕಲ್ಲಿನ ಮೇಲೆ ನಿಂತು ಕೈ ಒರೆಸಿಕೊಂಡು ಊರಿನ ಕಡೆ ನೋಡಿದರು.

"ಡಿಸೆಂಬರ್ ಒಳಗೆ ಇನ್ನೂ ಇಬ್ಬರು ಏನಾದ್ರೂ ತಪ್ಪು ಮಾಡ್ಬೇಕು," ಎಂದರು.