ಪಟ್ಟಿಯಲ್ಲಿ ಇಲ್ಲದ ಉತ್ತರ

ಬೆಳಗ್ಗೆ 9.10. ನರ್ಸ್ ಗ್ರಾನ್ಯಾ ಏಳನೇ ಹಾಸಿಗೆಯ ಪಕ್ಕದ ಕಪಾಟು ತೆರೆದು, ವಿನೋದಿನಿಯವರ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬತೊಡಗಿದಳು.

2021ರ ಜನವರಿ 21, ಗುರುವಾರ. ಡಬ್ಲಿನ್‌ನ ಆ ಆಸ್ಪತ್ರೆಯ ಮೂರು ವಾರ್ಡುಗಳನ್ನು ಕೋವಿಡ್‌ಗೆಂದು ಬಿಟ್ಟುಕೊಟ್ಟಿದ್ದರು. ಹಾಸಿಗೆ ಸಾಲುತ್ತಿರಲಿಲ್ಲ. ಸಂದರ್ಶಕರಿಗೆ ಪ್ರವೇಶವಿರಲಿಲ್ಲ.

ವಿನೋದಿನಿಯವರಿಗೆ ಅರವತ್ತೆರಡು ವರ್ಷ. ಕುಮಟಾದ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತರಾದವರು. ಹಿಂದಿನ ವರ್ಷ ಫೆಬ್ರವರಿಯಲ್ಲಿ ಮಗಳು ಪ್ರೇರಣಾಳ ಬಾಣಂತನಕ್ಕೆಂದು ಬಂದು, ವಿಮಾನಗಳು ನಿಂತ ಮೇಲೆ ಇಲ್ಲಿಯೇ ಉಳಿದಿದ್ದರು. ಕ್ರಿಸ್‌ಮಸ್‌ಗೆ ಮೂರು ದಿನ ಮೊದಲು ಜ್ವರ ಬಂತು. ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದರು. ನಳಿಕೆ ತೆಗೆದ ಮೇಲೆ ಉಸಿರು ಸರಿಹೋಯಿತು, ಸ್ವರ ಬರಲಿಲ್ಲ. ಪೆನ್ನು ಹಿಡಿದರೆ ಕೈ ನಡುಗಿ ಗೆರೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಬಲಗೈಯ ತೋರುಬೆರಳೊಂದು ಮಾತ್ರ ಹೇಳಿದ ಕಡೆ ಹೋಗಿ ನಿಲ್ಲುತ್ತಿತ್ತು. ಆ ಬೆರಳಿನಿಂದ ಅವರು ಫೋನಿನಲ್ಲಿ ಕನ್ನಡ ಟೈಪ್ ಮಾಡಿ ಮಾತಾಡುತ್ತಿದ್ದರು. ಇಂಗ್ಲಿಷ್ ಕೇಳಿದರೆ, ಓದಿದರೆ ಅರ್ಥವಾಗುತ್ತಿತ್ತು. ಬರೆಯುವಷ್ಟು ಬರುತ್ತಿರಲಿಲ್ಲ.

ಅವರು ಚೀಲದತ್ತ ಬೆರಳು ತೋರಿಸಿದರು.

"ನರ್ಸಿಂಗ್ ಹೋಮ್‌ಗೆ ಹೋಗ್ತಿದ್ದೀರಲ್ಲ, ಲವ್. ಹಿರಿಯರನ್ನು ನೋಡಿಕೊಳ್ಳೋ ಮನೆ ಅದು. ಮೂರು ವಾರ ಆರೈಕೆ. ಹನ್ನೆರಡಕ್ಕೆ ಗಾಡಿ ಬರುತ್ತೆ," ಎಂದಳು ಗ್ರಾನ್ಯಾ ಇಂಗ್ಲಿಷಿನಲ್ಲಿ. ಅಲ್ಲಿನವರು ರೋಗಿಗಳನ್ನೆಲ್ಲ ಅಕ್ಕರೆಯಿಂದ 'ಲವ್' ಎಂದೇ ಕರೆಯುತ್ತಿದ್ದರು.

ವಿನೋದಿನಿ ತಲೆಯನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬಲವಾಗಿ ಆಡಿಸಿದರು.

ಗ್ರಾನ್ಯಾ ಚೀಲ ಕೆಳಗಿಟ್ಟು ಫೈಲು ತಿರುವಿದಳು. "ಆದರೆ ನೀವೇ ಒಪ್ಪಿದ್ದೀರಿ. ನಿನ್ನೆ. ಇಲ್ಲಿ ಬರೆದಿದೆ: ರೋಗಿ ಲಿಖಿತವಾಗಿ ಒಪ್ಪಿದ್ದಾರೆ."

ವಿನೋದಿನಿ ಫೋನು ಕೈಗೆತ್ತಿಕೊಂಡರು.

ಆ ಆಸ್ಪತ್ರೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರೇ, ದಾವಣಗೆರೆಯಲ್ಲಿ ಓದಿ ಬಂದ ಡಾ. ವಿಕ್ರಮ್. ಮುಖ್ಯವಾದ ವಿಷಯವಿದ್ದರೆ ಬರಹದಲ್ಲಿರಲಿ ಎಂದು ಹಾಸಿಗೆಯ ಪಕ್ಕವೇ ನಿಂತು ತಮ್ಮ ಫೋನಿನಿಂದ ಸಂದೇಶ ಕಳಿಸುತ್ತಿದ್ದರು. ಹಿಂದಿನ ಸಂಜೆ 5.41ಕ್ಕೆ ಅವರ ಸಂದೇಶವಿತ್ತು: "ಅಮ್ಮಾ, ನಿಮ್ಮನ್ನ ಮೂರು ವಾರ ನರ್ಸಿಂಗ್ ಹೋಮ್‌ಗೆ ಕಳಿಸೋಣ ಅಂತಿದೀವಿ. ಆಗಬಹುದಾ?" ಅದರ ಕೆಳಗೆ, 5.42ಕ್ಕೆ, ವಿನೋದಿನಿಯವರ ಫೋನಿನಿಂದ ಹೋದ ಉತ್ತರ: "ಸರಿ."

ಆ ಒಂದು ನಿಮಿಷ ಅವರಿಗೆ ಚೆನ್ನಾಗಿ ನೆನಪಿತ್ತು. ಪ್ರಶ್ನೆ ಬಂದೊಡನೆ ಕೀಲಿಗಳ ಮೇಲ್ಭಾಗದ ಪಟ್ಟಿಯಲ್ಲಿ ಮೂರು ಸಿದ್ಧ ಉತ್ತರಗಳು ಬಂದಿದ್ದವು: ಸರಿ, ಆಗಲಿ, ಧನ್ಯವಾದಗಳು. ಅವರು ಅವುಗಳನ್ನು ಬಿಟ್ಟು "ಮಗಳ ಮನೆಗೇ" ಎಂದು ಟೈಪ್ ಮಾಡತೊಡಗಿದ್ದರು. ಎರಡು ಪದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿದಿತ್ತು. ಡಾಕ್ಟರ್ ಬಾಗಿ, "ಸುಸ್ತಾಗ್ತೈತೆ ಅಲ್ವಾ ಅಮ್ಮ? ಬಿಡಿ, ನಾನು ಒತ್ತುತೀನಿ," ಎಂದು ಪಟ್ಟಿಯ ಮೊದಲ ಉತ್ತರವನ್ನು ಒತ್ತಿದ್ದರು. ಎರಡು ಪದರ ಗ್ಲೌಸಿನ ಬೆರಳಿಗೆ ಪರದೆ ಮೊದಲೆರಡು ಸಲ ಸ್ಪಂದಿಸಲಿಲ್ಲ. ಮೂರನೇ ಸಲ ಹೋಯಿತು. ಬರೆಯುತ್ತಿದ್ದ ವಾಕ್ಯ ಅಳಿಸಿಹೋಯಿತು. ಡಾಕ್ಟರ್ ಎಂಟನೇ ಹಾಸಿಗೆಗೆ ಹೋದರು. ಸಂದೇಶ ತಲುಪಿತು ಎಂದಷ್ಟೇ ಅದರ ಅರ್ಥ, ನಾಳೆ ಮಾತಾಡಬಹುದು ಎಂದುಕೊಂಡು ವಿನೋದಿನಿ ಸುಮ್ಮನಾಗಿದ್ದರು. ಅದು ಫೈಲಿಗೆ ಹೋಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಹೋಗಬೇಕಾದ ಜಾಗದಲ್ಲಿ ಕನ್ನಡ ಓದುವವರು ಯಾರೂ ಇರುವುದಿಲ್ಲ. ಸ್ವರವಿಲ್ಲ, ಇಂಗ್ಲಿಷ್ ಬರೆಯಲು ಬರುವುದಿಲ್ಲ. ಮೂರು ವಾರ ಅವರು ಏನೇ ಟೈಪ್ ಮಾಡಿದರೂ ಅದು ಅಲ್ಲಿನವರಾರಿಗೂ ಅರ್ಥವಾಗುವುದಿಲ್ಲ. ಅಲ್ಲಿಯೂ ಯಾರಾದರೂ ಬಾಗಿ "ಸರಿ" ಎಂದು ಒತ್ತಿ ಹೋಗಬಹುದು.

9.25ಕ್ಕೆ ಮಗಳಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು. ಸ್ಯಾಂಡಿಫರ್ಡ್‌ನ ಫ್ಲಾಟಿನಲ್ಲಿ ಪ್ರೇರಣಾ ಫೋನೆತ್ತಿದಳು. ಹಿಂದೆ ಮಗುವಿನ ಗಲಾಟೆ ಕೇಳುತ್ತಿತ್ತು. ಮಗಳು ಮಾತಾಡಬೇಕು, ತಾಯಿ ಟೈಪ್ ಮಾಡಿ ಕಳಿಸಬೇಕು. ಹದಿನೈದು ದಿನದಿಂದ ಹೀಗೆಯೇ ನಡೆದಿತ್ತು.

"ಅಮ್ಮ, ಬ್ಯಾಗ್ ರೆಡಿನಾ? ನಿನ್ನೆ ರಾತ್ರಿ ಆಸ್ಪತ್ರೆಯಿಂದ ಹೇಳಿದ್ರು, ನೀನೇ ಒಪ್ಕೊಂಡ್ಯಂತೆ. ನಂಗೆ ಆಶ್ಚರ್ಯ ಆಯ್ತು."

"ನಾನು ಒಪ್ಪಿಲ್ಲ."

"ಮತ್ತೆ 'ಸರಿ' ಅಂತ ಕಳಿಸಿದ್ದೀಯಲ್ಲ?"

"ಒತ್ತಿದ್ದು ಡಾಕ್ಟರು."

ಪ್ರೇರಣಾ ಕೆಲಸ ಮಾಡುತ್ತಿದ್ದುದು ಗ್ರ್ಯಾಂಡ್ ಕೆನಾಲ್ ಡಾಕ್‌ನ ಒಂದು ಕಂಪನಿಯಲ್ಲಿ, ಫೋನಿನ ಕೀಬೋರ್ಡ್ ಮಾಡುವ ವಿಭಾಗದಲ್ಲಿ. ತಾಯಿಯ ಫೋನಿಗೆ ಆ ಕೀಬೋರ್ಡನ್ನು ಹಾಕಿಕೊಟ್ಟವಳೂ ಅವಳೇ.

"ಪಟ್ಟಿಯಲ್ಲಿರೋದನ್ನ ಒತ್ತಿದ್ರಾ?"

"ಹೌದು. ಆ ಪಟ್ಟಿ ಮಾಡಿದ್ದು ಯಾರು?"

"ನಮ್ಮ ಟೀಮು. ಕನ್ನಡದ್ದು ನಾನೇ, ಅಮ್ಮ."

"ಬೇಡ ಅನ್ನುವುದು ಯಾಕೆ ಇಲ್ಲ?"

"ಮೊದ್ಲು ಇತ್ತು. ಟೆಸ್ಟಲ್ಲಿ ನೂರಕ್ಕೆ ಒಬ್ಬರೂ ಒತ್ತಲಿಲ್ಲ. ಒರಟಾಗಿ ಕಾಣುತ್ತೆ ಅಂತ ಕಂಪ್ಲೇಂಟ್ ಬಂತು. ಬೇಡ ಅನ್ನೋರು ತಾವೇ ಟೈಪ್ ಮಾಡ್ಕೋತಾರೆ ಅಂತ ತೆಗೆದ್ವಿ."

ವಿನೋದಿನಿ ಉತ್ತರ ಟೈಪ್ ಮಾಡಲು ಎರಡು ನಿಮಿಷ ತೆಗೆದುಕೊಂಡರು. ಪ್ರೇರಣಾ ಕಾದಳು. ಮಗು ಏನನ್ನೋ ನೆಲಕ್ಕೆ ಬೀಳಿಸಿತು.

"ಸಾಕ್ಷಿ ಕಟ್ಟೆಗೆ ಬಂದವನು ಹೌದು ಅನ್ನುತ್ತಾನೋ ಅಲ್ಲ ಅನ್ನುತ್ತಾನೋ ನನಗೆ ಗೊತ್ತಿರುತ್ತಿತ್ತು. ಆದರೂ ಅವನು ಬಾಯಿ ಬಿಡುವ ಮೊದಲು ನಾನು ಕೀಲಿ ಮುಟ್ಟಿದವಳಲ್ಲ."

"ಗೊತ್ತು ಅಮ್ಮ. ಸಾರಿ. ಬಿಡು, ನಾನೇ ಈಗ ಫೋನ್ ಮಾಡಿ ಕ್ಯಾನ್ಸಲ್ ಮಾಡಿಸ್ತೀನಿ. ಅವರ ಫಾರ್ಮಲ್ಲಿ ನೆಕ್ಸ್ಟ್ ಆಫ್ ಕಿನ್, ಹತ್ತಿರದ ಸಂಬಂಧಿ, ನಾನು ತಾನೆ?"

"ನೀನು ಹೇಳಬೇಡ."

"ಅಯ್ಯೋ, ಹನ್ನೆರಡಕ್ಕೆ ಗಾಡಿ ಬರುತ್ತಮ್ಮ! ನೀನು ಟೈಪ್ ಮಾಡೋಷ್ಟರಲ್ಲಿ ಅವರು ನಿನ್ನ ವ್ಹೀಲ್‌ಚೇರಲ್ಲಿ ಕೂರಿಸಿರ್ತಾರೆ."

"ಡಾಕ್ಟರು ನನ್ನ ಪರವಾಗಿ ಹೇಳಿದರು. ಈಗ ನೀನು ನನ್ನ ಪರವಾಗಿ ಹೇಳುತ್ತೀ. ಅವರಿಗೂ ನಿನಗೂ ಏನು ವ್ಯತ್ಯಾಸ?"

"ನಾನು ನಿನ್ನ ಮಗಳು!"

"ಹಾಗಾದರೆ ಆ ಪಟ್ಟಿ ತೆಗೆಸು. ಬೇರೆ ಏನೂ ಬೇಡ."

ಸೆಟ್ಟಿಂಗ್ಸ್ ಕನ್ನಡದಲ್ಲಿತ್ತು. ಸಣ್ಣ ಗುಂಡಿಗಳ ಮೇಲೆ ವಿನೋದಿನಿಯವರ ಬೆರಳು ನಿಲ್ಲುತ್ತಿರಲಿಲ್ಲ. ಗ್ರಾನ್ಯಾಳಿಗೆ ಕನ್ನಡ ಬರುತ್ತಿರಲಿಲ್ಲ. ಪ್ರೇರಣಾ ಸ್ಪೀಕರಿನಲ್ಲಿ ಇಂಗ್ಲಿಷಿನಲ್ಲಿ ದಾರಿ ಹೇಳಿದಳು: ಮೇಲಿನಿಂದ ನಾಲ್ಕನೆಯದು, ಅದರೊಳಗೆ ಎರಡನೆಯದು, ಕೆಳಗೆ ಸರಿಸಿ. ತಾಯಿ ಸಾಲು ತೋರಿಸಿದರು, ಗ್ರಾನ್ಯಾ ಒತ್ತಿದಳು. ಒಮ್ಮೆ ಪರದೆಯ ಬಣ್ಣ ಕಪ್ಪಾಯಿತು, ಒಮ್ಮೆ ಅಕ್ಷರ ದೊಡ್ಡದಾಯಿತು. ದೊಡ್ಡದಾಗಿಯೇ ಇರಲಿ ಎಂದು ವಿನೋದಿನಿ ಕೈಸನ್ನೆ ಮಾಡಿದರು. 9.50ಕ್ಕೆ ಪಟ್ಟಿ ಹೋಯಿತು. ಅದರ ಜಾಗದಲ್ಲಿ ಖಾಲಿ ಬೂದು ಬಣ್ಣ ಉಳಿಯಿತು.

"ಗ್ರ್ಯಾಂಡ್," ಎಂದಳು ಗ್ರಾನ್ಯಾ; ಸರಿಹೋಯಿತು ಎನ್ನಲು ಅಲ್ಲಿನವರ ಮಾತು ಅದು. ಚೀಲವನ್ನು ಕಪಾಟಿನೊಳಗಿಟ್ಟು ಬಾಗಿಲು ಮುಚ್ಚಿದಳು. "ನನಗೆ ಏನೂ ಗೊತ್ತಿಲ್ಲ. ಹನ್ನೊಂದರವರೆಗೆ ನಾನು ಬೇರೆ ಹಾಸಿಗೆಗಳಲ್ಲಿ ಬಿಝಿ."

ವಿನೋದಿನಿ ಟೈಪ್ ಮಾಡತೊಡಗಿದರು. ಯಂತ್ರದ ಮೇಲೆ ಹತ್ತು ಬೆರಳೂ ನೋಡದೆ ಓಡುತ್ತಿದ್ದ ಕಾಲದಲ್ಲಿ ಇಷ್ಟು ಬರಹಕ್ಕೆ ಅವರಿಗೆ ಎರಡು ನಿಮಿಷವೂ ಬೇಕಿರಲಿಲ್ಲ. ಈಗ ಒಂದೇ ಬೆರಳು. ವ್ಯಂಜನ ಒತ್ತಬೇಕು, ಕೊಂಬನ್ನೋ ದೀರ್ಘವನ್ನೋ ಹುಡುಕಬೇಕು, ಒತ್ತಕ್ಷರಕ್ಕೆ ಮೂರು ಸಲ ಒತ್ತಬೇಕು. ಗಾಜಿನ ಮೇಲೆ ಕೀಲಿಯ ಅಂಚು ಕೈಗೆ ಸಿಗುವುದಿಲ್ಲ, ಒತ್ತಿದ್ದು ತಿಳಿಯುವುದಿಲ್ಲ. ಪ್ರತಿ ಅಕ್ಷರಕ್ಕೂ ನೋಡಲೇಬೇಕು. ಬೆರಳು ಎರಡು ಸಲ ಅಳಿಸುವ ಕೀಲಿಯ ಮೇಲೆ ನಿಂತುಬಿಟ್ಟು ಪೂರ್ತಿ ಸಾಲುಗಳು ಹೋದವು. ಮತ್ತೆ ಮೊದಲಿನಿಂದ ಹಾಕಿದರು. ಮಣಿಕಟ್ಟು ಸೋತಾಗ ಫೋನನ್ನು ದಿಂಬಿಗೆ ಒರಗಿಸಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಇಪ್ಪತ್ತು ಎಣಿಸಿದರು.

10.40ಕ್ಕೆ ಬಿಡುಗಡೆಗಳನ್ನು ನೋಡಿಕೊಳ್ಳುವ ಡಿಯರ್ಡ್ರಾ ಬಂದಳು. ಬೆಳಗ್ಗೆಯಿಂದ ಆರು ಹಾಸಿಗೆ ಖಾಲಿ ಮಾಡಿಸುವ ಕೆಲಸ ಅವಳ ಮೇಲಿತ್ತು. ತುರ್ತು ವಿಭಾಗದಲ್ಲಿ ಹನ್ನೊಂದು ಜನ ಟ್ರಾಲಿಗಳ ಮೇಲೆ ಮಲಗಿದ್ದರು.

"ಸ್ಥಳಾಂತರ ಅಂದರೆ ಎಲ್ಲರಿಗೂ ಆತಂಕ ಆಗುತ್ತೆ, ಲವ್. ಆದರೆ ಒಪ್ಪಿಗೆ ಬರಹದಲ್ಲಿದೆ. ಅಲ್ಲಿನ ಹಾಸಿಗೆ ಕಾಯೋದಿಲ್ಲ."

ವಿನೋದಿನಿ ತಲೆಯಾಡಿಸಲಿಲ್ಲ. ಬರಹವನ್ನು ತಲೆಯಾಡಿಸಿ ಅಳಿಸಲಾಗದು ಎಂಬುದು ಅವರಿಗೆ ಇವಳಿಗಿಂತ ಚೆನ್ನಾಗಿ ಗೊತ್ತಿತ್ತು. ಎಡಗೈ ಎತ್ತಿ ಅಂಗೈ ತೋರಿಸಿದರು: ನಿಲ್ಲು. ಬಲಗೈ ಟೈಪ್ ಮಾಡುತ್ತಲೇ ಇತ್ತು.

"ಎಷ್ಟು ಹೊತ್ತು?" ಎಂದು ಡಿಯರ್ಡ್ರಾ ಗ್ರಾನ್ಯಾಳನ್ನು ಕೇಳಿದಳು.

"ಅವರು ಮುಗಿಸುವವರೆಗೆ."

10.55ಕ್ಕೆ ವಿನೋದಿನಿ ಮುಗಿಸಿದರು. ಡಾ. ವಿಕ್ರಮ್ ಅವರನ್ನು ಕರೆಸಲು ಗ್ರಾನ್ಯಾ ಮೂರು ಸಲ ಪೇಜರಿಗೆ ಸಂದೇಶ ಕಳಿಸಬೇಕಾಯಿತು. ಅವರು ಗೌನು, ಮಾಸ್ಕು, ಶೀಲ್ಡು ತೊಟ್ಟು ಬಂದಾಗ 11.20.

"ಏನ್ ಅಮ್ಮ, ಗಲಾಟೆ ಮಾಡ್ತಿದ್ದೀರಂತೆ?"

ವಿನೋದಿನಿ ಫೋನು ಚಾಚಿದರು. ಡಾಕ್ಟರ್ ಮನಸ್ಸಿನಲ್ಲೇ ಓದಿಕೊಳ್ಳತೊಡಗಿದರು. ವಿನೋದಿನಿ ಹಾಸಿಗೆಯ ಕಂಬಿಯನ್ನು ಬೆರಳ ಗೆಣ್ಣಿನಿಂದ ಬಡಿದು, ಬರಹದ ಮೊದಲ ಸಾಲಿನತ್ತ ಬೆರಳು ಮಾಡಿದರು. ಅಲ್ಲಿ "ಎಲ್ಲರಿಗೂ ಕೇಳುವಂತೆ ಓದಿ ಹೇಳಬೇಕು" ಎಂದಿತ್ತು. ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆಯನ್ನು ಅವನಿಗೇ ಓದಿ ಹೇಳಿ, ಸರಿ ಇದೆ ಎಂದು ಅವನು ಒಪ್ಪಿ ಸಹಿ ಮಾಡುವವರೆಗೆ ಅದು ಹೇಳಿಕೆಯಾಗುವುದಿಲ್ಲ.

ಡಾ. ವಿಕ್ರಮ್ ದನಿ ಎತ್ತಿ ಓದಿದರು:

"ನಿನ್ನೆ ಸಂಜೆ 5.42ಕ್ಕೆ ನನ್ನ ಫೋನಿನಿಂದ ಹೋದ 'ಸರಿ' ನನ್ನದಲ್ಲ. ನಾನು ಬೇರೆ ಬರೆಯುತ್ತಿದ್ದಾಗ ಡಾಕ್ಟರರು ಅದನ್ನು ಒತ್ತಿದರು. ಮೂರು ಸಲ ಒತ್ತಿದರು. ನರ್ಸಿಂಗ್ ಹೋಮಿಗೆ ಹೋಗಲು ನನ್ನ ಒಪ್ಪಿಗೆ ಇಲ್ಲ. ಅಲ್ಲಿ ನನ್ನ ಬರಹ ಓದುವವರಿಲ್ಲ. ನಾನಾಗಿ ಎದ್ದು ಬಚ್ಚಲಿಗೆ ನಡೆಯುವ ದಿನ ಮಗಳ ಮನೆಗೆ ಹೋಗುತ್ತೇನೆ. ಅಲ್ಲಿಯವರೆಗೆ ಈ ಹಾಸಿಗೆ ಬಿಡುವುದಿಲ್ಲ. ವಿನೋದಿನಿ."

ಓದಿ ಮುಗಿಸಿ ಅವರು ತಲೆ ಎತ್ತಲಿಲ್ಲ. ಶೀಲ್ಡಿನ ಒಳಗೆ ಮಂಜು ಹಿಡಿದಿತ್ತು.

"ಅಮ್ಮ, ನಾನು ಹೆಲ್ಪ್ ಮಾಡೋಣ ಅಂತ... ನಿನ್ನೆ ಹದಿನಾಲ್ಕು ಪೇಶೆಂಟ್ ಇದ್ರು. ನಿಮ್ ಕೈ ನಡುಗ್ತಿತ್ತು. ನೀವು ಏನ್ ಹೇಳ್ತೀರಿ ಅಂತ ನಂಗೆ ಗೊತ್ತೈತೆ ಅನ್ಕೊಂಡೆ."

ವಿನೋದಿನಿ ಡಿಯರ್ಡ್ರಾಳತ್ತ ಬೆರಳು ಮಾಡಿದರು: ಈಗ ಅವಳಿಗೆ.

ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಸಂದೇಶದ ವಿಷಯದಲ್ಲಿ ಸ್ವಲ್ಪ ಗೊಂದಲವಾಗಿದೆ, ಇವರು ಮಗಳ ಮನೆಯನ್ನೇ ಹೆಚ್ಚು ಇಷ್ಟಪಡುತ್ತಾರೆ, ಸಾಧ್ಯವಾದರೆ...

ಕಂಬಿ ಟಣ್ ಎಂದಿತು. ವಿನೋದಿನಿ ಗೆಣ್ಣಿನಿಂದ ಮತ್ತೆ ಬಡಿದಿದ್ದರು. ಫೋನು ತೆಗೆದುಕೊಂಡು ಆರು ಅಕ್ಷರ ಒತ್ತಿ ತೋರಿಸಿದರು: "ಬರೆದಷ್ಟೇ ಹೇಳಿ."

ಗ್ರಾನ್ಯಾ ಮಾಸ್ಕಿನೊಳಗೆ ನಕ್ಕಳು. ಡಾಕ್ಟರ್ ಎರಡನೇ ಸಲ, ಒಂದೊಂದೇ ವಾಕ್ಯ ಓದಿ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಂದರು. ಒತ್ತಿದ್ದು ನಾನು, ಎಂದರು. ಮೂರು ಸಲ, ಎಂದರು. ಒಪ್ಪಿಗೆ ಇಲ್ಲ, ಎಂದರು. ಪ್ರತಿ ವಾಕ್ಯಕ್ಕೂ ವಿನೋದಿನಿ ಒಮ್ಮೆ ತಲೆ ಬಾಗಿಸಿದರು. ಕೊನೆಗೆ ಯಾರೂ ಹೇಳದೆಯೇ ಡಾಕ್ಟರ್ ಫೋನನ್ನು ಅವರ ಮುಂದೆ ಹಿಡಿದು, "ಸರಿ ಐತಾ ಅಮ್ಮ? ನೀವೇ ಹೇಳಿ, ನಾನು ಮುಟ್ಟಲ್ಲ," ಎಂದರು.

ವಿನೋದಿನಿ ಟೈಪ್ ಮಾಡಿದರು: "ಓದಿ ಕೇಳಿದೆ. ಸರಿ ಇದೆ."

ಡಿಯರ್ಡ್ರಾ ಗಡಿಯಾರ ನೋಡಿದಳು. "ಹನ್ನೊಂದು ಜನ ಟ್ರಾಲಿ ಮೇಲಿದ್ದಾರೆ, ಲವ್. ನಿಮ್ಮನ್ನು ದೂರುತ್ತಿಲ್ಲ. ಗೊತ್ತಿರಲಿ ಅಂತ."

ವಿನೋದಿನಿ ಫೋನನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬರೆದರು: "ಗೊತ್ತಾಯಿತು. ಅವರಲ್ಲಿ ಒಬ್ಬರು ಕಾಯುವುದು ನನ್ನಿಂದ. ಆದರೂ ಹೋಗುವುದಿಲ್ಲ. ಇವತ್ತಿನಿಂದ ದಿನಕ್ಕೆ ನಾಲ್ಕು ಸಲ ನನ್ನನ್ನು ಎಬ್ಬಿಸಿ ನಡೆಸಿ."

ಡಾ. ವಿಕ್ರಮ್ ಫೈಲಿನಲ್ಲಿ ಹಿಂದಿನ ದಿನದ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ, 11.48 ಎಂದು ಸಮಯ ಬರೆದು ಸಹಿ ಹಾಕಿದರು. ಕೆಳಗೆ ಬರೆದರು: ಒಪ್ಪಿಗೆಯ ಉತ್ತರವನ್ನು ಒತ್ತಿದ್ದು ನಾನು, ರೋಗಿಯಲ್ಲ. ರೋಗಿ ನಿರಾಕರಿಸಿದ್ದಾರೆ.

ಗಾಡಿ 12.15ಕ್ಕೆ ಬಂತು. ನಾಲ್ಕನೇ ಹಾಸಿಗೆಯಲ್ಲಿದ್ದ, ಹೋಗಲು ಮನಸ್ಸಿದ್ದ ವೃದ್ಧರೊಬ್ಬರನ್ನು ಕರೆದುಕೊಂಡು ಹೋಯಿತು.

ಸೋಮವಾರದ ಮೀಟಿಂಗಿನಲ್ಲಿ ಪ್ರೇರಣಾ ಸಿದ್ಧ ಉತ್ತರಗಳಿಗೆ "ಬೇಡ" ಸೇರಿಸಬೇಕೆಂದು ಕೇಳಿದಳು. ಅಂಕಿಅಂಶ ಅದಕ್ಕೆ ವಿರುದ್ಧವಾಗಿದೆ ಎಂದರು ಮ್ಯಾನೇಜರ್. ಹಾಗಿದ್ದರೆ ಕನ್ನಡದ ಪಟ್ಟಿಗೆ ತಾನು ಕೊಟ್ಟ ಅನುಮೋದನೆಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಹೇಳಿ, ಮೀಟಿಂಗ್ ಮುಗಿಯುವ ಮೊದಲೇ ಅದನ್ನೇ ಬರೆದು ಇಮೇಲ್‌ನಲ್ಲಿ ಕಳಿಸಿದಳು. ಮುಂದಿನ ಆವೃತ್ತಿಯಲ್ಲಿ ಕನ್ನಡಕ್ಕೆ ಸಿದ್ಧ ಉತ್ತರಗಳು ಇರಲಿಲ್ಲ.

ಜನವರಿ 28ರ ಗುರುವಾರ ವಿನೋದಿನಿ ಯಾರನ್ನೂ ಹಿಡಿಯದೆ ಬಚ್ಚಲಿಗೆ ಹನ್ನೆರಡು ಹೆಜ್ಜೆ ನಡೆದರು. 30ರ ಶನಿವಾರ ಬೆಳಗ್ಗೆ 10.30ಕ್ಕೆ ಆಸ್ಪತ್ರೆ ಅವರನ್ನು ಸ್ಯಾಂಡಿಫರ್ಡ್‌ನ ಮಗಳ ಮನೆಗೆ ಕಳಿಸಿತು.