ರವಿಕೆ ಕಣವಿಲ್ಲದ ಶುಕ್ರವಾರ

ಚೆನ್ನೈನ ಪುರಸೈವಾಕ್ಕಂನ ಆ ಜವಳಿ ಅಂಗಡಿಯಲ್ಲಿ ಜಯಲಕ್ಷ್ಮೀ ಎಂಟು ವರ್ಷಗಳಿಂದ ಮಾರಾಟದ ಹುಡುಗಿ ಸರಸಳ ಹತ್ತಿರವೇ ರವಿಕೆ ಕಣ ಕೊಳ್ಳುತ್ತಿದ್ದಳು. ೨೦೦೩ರಲ್ಲಿ ತಮಿಳರ ಆಡಿ ತಿಂಗಳ ರಿಯಾಯಿತಿ ಮಾರಾಟ ಶುರುವಾಗಿತ್ತು. ಆರು ತಿಂಗಳ ಬಸುರಿ ಸರಸ ಕಣಗಳನ್ನು ಹರಡುತ್ತ ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಹಾಕುತ್ತಿದ್ದಳು.

"ಕೊಂಜಂ ಉಕ್ಕಾರುಮಾ," ಸ್ವಲ್ಪ ಕೂತ್ಕೊಳಮ್ಮ ಎಂದು ಜಯಲಕ್ಷ್ಮೀ ಎದ್ದು ತನ್ನ ಸ್ಟೂಲನ್ನೇ ಅವಳತ್ತ ತಳ್ಳಿದಳು.

"ಅಯ್ಯೋ ವೇಂಡಾಂ ಮಾಮಿ, ಕ್ಯಾಮರಾ ಇರುಕ್ಕು!" ಬೇಡವೆಂದು ಸರಸ ಮೇಲಿನ ಕ್ಯಾಮರಾದತ್ತ ಕಣ್ಣು ತೋರಿಸಿದಳು.

ಅಲ್ಲಿನ ಹುಡುಗಿಯರು ದಿನಕ್ಕೆ ಹನ್ನೆರಡು ಗಂಟೆ ನಿಂತೇ ಇರಬೇಕು. ಕೂತದ್ದು ಕಂಡರೆ ಕೆಲಸ ಹೋಯಿತು.

ಜಯಲಕ್ಷ್ಮೀ ಕಣ ಕೊಳ್ಳದೆ ಮನೆಗೆ ಬಂದು ಅಂಗಡಿಯ ಮಾಲೀಕರಿಗೆ ತಮಿಳಿನಲ್ಲಿ ಒಂದು ಅರ್ಜಿ ಬರೆದಳು: ಹುಡುಗಿಯರಿಗೆ ಕೂರಲು ಸ್ಟೂಲು ಕೊಡುವ ತನಕ ನಾವು ನಿಮ್ಮಲ್ಲಿ ಒಂದು ಗಜ ಬಟ್ಟೆಯನ್ನೂ ಕೊಳ್ಳುವುದಿಲ್ಲ.

ಗಂಡ ಕಮಲಾಕರ ಓದಿ ನಕ್ಕ. "ಆಡಿ ಸೇಲಲ್ಲಿ ನೀನೊಬ್ಬಳು ಹೋಗ್ದಿದ್ರೆ ಅವನು ಅಂಗಡಿ ಮುಚ್ಚಿಬಿಡ್ತಾನೇನೇ?"

ಅವಳಿಗಿದ್ದ ಭಯ ಬೇರೆಯೇ. ಯಾರೂ ಜೊತೆಗೆ ಬಾರದಿದ್ದರೆ, ಮಾಲೀಕ ಸರಸಳೇ ಹೇಳಿಕೊಟ್ಟಳೆಂದು ಅವಳನ್ನು ಕೆಲಸದಿಂದ ಬಿಡಿಸಿಬಿಟ್ಟರೆ?

ಶ್ರಾವಣ ಶುಕ್ರವಾರದ ಸಂಜೆ ಸುತ್ತಲಿನ ಕನ್ನಡ ಮನೆಗಳ ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಬಂದರು. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇತ್ತು, ಕಣವಿರಲಿಲ್ಲ.

"ಏನೇ ಜಯಲಕ್ಷ್ಮೀ, ಈ ಸಲ ಕಣಕ್ಕೆ ಕತ್ತರಿ ಹಾಕ್ಬಿಟ್ಯಾ?" ಪಕ್ಕದ ಮನೆಯ ತುಂಗಾ ಕೇಳಿದಾಗ ಎಲ್ಲರೂ ನಕ್ಕರು.

ಮುಖ ಬಿಸಿಯಾದರೂ ಜಯಲಕ್ಷ್ಮೀ ಸರಸಳ ವಿಷಯ ಹೇಳಿ, ಅರ್ಜಿಯನ್ನು ಮುಂದಿಟ್ಟಳು. ನಗು ನಿಂತಿತು. ಒಬ್ಬಾಕೆ, "ನಮ್ಮನೆಯವರನ್ನ ಕೇಳಿ..." ಎಂದು ಶುರುಮಾಡಿದಳು.

"ಏಳು ತಿಂಗಳಲ್ಲಿ ನಿನ್ನ ಕಾಲು ಊದಿದಾಗ ಅವರನ್ನ ಕೇಳ್ಕೊಂಡು ಊದಿತ್ತಾ?" ಎಂದು ತುಂಗಾ ಪೆನ್ನು ಕಿತ್ತುಕೊಂಡು ಮೊದಲ ಸಹಿ ಹಾಕಿದಳು.

ಎಲ್ಲರೂ ಹಾಕಿದರು. ಕಣ ಕೊಡುವುದಿಲ್ಲ, ಕೇಳುವುದೂ ಇಲ್ಲ ಎಂದು ಅವರವರೇ ಮಾತಾಡಿಕೊಂಡು, ಹಾಳೆಯನ್ನು ಮರುದಿನ ಬೇರೆ ಮನೆಗಳಿಗೂ ಒಯ್ದರು. ಅದು ವಾಪಸು ಬಂದಾಗ ಸಹಿಗಳು ನೂರ ಹನ್ನೆರಡು. ಅರಿಶಿನ ಕುಂಕುಮ ಹಚ್ಚಿದ ಬೆರಳುಗಳಲ್ಲೇ ಹಿಡಿದಿದ್ದರಿಂದ ಅಕ್ಷರಗಳ ಮೇಲೆಲ್ಲ ಹಳದಿ, ಕೆಂಪು ಕಲೆ.

"ಇದೇನು ಅರ್ಜಿನೋ, ಹೊಸ್ತಿಲೋ?" ಎಂದ ಕಮಲಾಕರ. ಸೇಲ್ ಮುಗಿಯುವ ಮೊದಲೇ ಕೊಡಬೇಕಿತ್ತು, ಬೇರೆ ಬರೆಯಲು ಸಮಯವಿರಲಿಲ್ಲ.

ಅಂಗಡಿಯ ಮಾಲೀಕ ಜಯಲಕ್ಷ್ಮೀ ತಂದುಕೊಟ್ಟ ಹಾಳೆಯನ್ನು ಓದಿ, ಮಡಿಚಿ, ಮೇಜಿನ ಕೆಳಗಿನ ಬುಟ್ಟಿಗೆ ಕೈ ಚಾಚಿದ. ಅಷ್ಟರಲ್ಲಿ ಬೆರಳಿಗಂಟಿದ ಕುಂಕುಮ ಕಂಡು ಅವನ ಕೈ ಅಲ್ಲೇ ನಿಂತಿತು. ಕುಂಕುಮವಿರುವ ಕಾಗದವನ್ನು ಕಸಕ್ಕೆ ಹಾಕಲು ಮನಸ್ಸು ಬರದೆ ಅದನ್ನು ಗಲ್ಲಾದ ಮೇಲಿಟ್ಟ.

"ನಿಮಗೆ ಇದನ್ನೆಲ್ಲ ಹೇಳಿದವಳು ಯಾರು?" ತಮಿಳಿನಲ್ಲೇ ಕೇಳಿದ.

"ಯಾರೂ ಹೇಳಲಿಲ್ಲ. ನಾನು ಕೂತಿದ್ದೆ, ಅವರು ನಿಂತಿದ್ದರು," ಎಂದಳು ಜಯಲಕ್ಷ್ಮೀ. ಉತ್ತರ ತಡವಿಲ್ಲದೆ ಬಂದಿತ್ತು. ಅದಕ್ಕೆ ಅವಳಿಗೇ ಆಶ್ಚರ್ಯ.

ಮುಂದಿನ ವಾರ ಬೀದಿಯ ತುಂಬ ಜನ. ಆದರೆ ಸುದ್ದಿ ಸಹಿ ಹಾಕದವರಿಗೂ ಹಬ್ಬಿ, ಆ ಅಂಗಡಿಯ ಕಣದ ಮಹಡಿಯಲ್ಲಿ ಫ್ಯಾನುಗಳು ಸುಮ್ಮನೆ ತಿರುಗುತ್ತಿದ್ದವು. ಜಯಲಕ್ಷ್ಮೀ ಮೆಟ್ಟಿಲ ಬಳಿ ನಿಂತು ನೋಡಿದಳು. ಯಾರೂ ಕೂಗಿರಲಿಲ್ಲ, ಯಾರೂ ಅಡ್ಡಗಟ್ಟಿರಲಿಲ್ಲ. ಹೆಂಗಸರು ತಂತಮ್ಮ ಮನೆಯಲ್ಲಿದ್ದರು, ಅಷ್ಟೇ. ಅಷ್ಟಕ್ಕೇ ಇಷ್ಟು ದೊಡ್ಡ ಜಾಗ ಹೀಗೆ ಬರಿದಾಗಿದೆ!

ಅರ್ಜಿ ಕೊಟ್ಟ ಹನ್ನೊಂದನೆಯ ದಿನ ತುಂಗಾ ಓಡಿ ಬಂದಳು. "ಸ್ಟೂಲು ಹಾಕಿದಾನಂತೆ ಕಣೇ!"

ಇಬ್ಬರೂ ಹೋದರು. ಸರಸ ಕೂತಿದ್ದಳು. ಇವರನ್ನು ಕಂಡದ್ದೇ ಅಭ್ಯಾಸಬಲದಿಂದ ಏಳಹೋದಳು. ಜಯಲಕ್ಷ್ಮೀ ಅವಳ ಕೈ ಹಿಡಿದು ಕೂರಿಸಿ, ತಾನೂ ಎದುರಿಗೆ ಕೂತಳು. ಎಂಟು ವರ್ಷಗಳಲ್ಲಿ ಮೊದಲ ಸಲ ತಲೆ ಮೇಲೆತ್ತಬೇಕಾಗದೆ ಆ ಮುಖ ನೋಡಿದಳು. ಬಲಗೆನ್ನೆಯಲ್ಲಿ ಒಂದು ಸಣ್ಣ ಮಚ್ಚೆಯಿತ್ತು.